ನೆಲದಡಿಯ ನಿಲ್ದಾಣ: ಅಪಾಯವನ್ನು ಅಳೆಯಲು ಕಲಿತ ಚರಿತ್ರೆ

ನೆಲದಡಿಯ ರೈಲು ಕಾಮಗಾರಿಯಲ್ಲಿ ಸುರಂಗಕ್ಕಿಂತ ನಿಲ್ದಾಣವೇ ಹೆಚ್ಚು ಅಪಾಯದ ಜಾಗ. ಸುರಂಗವೆಂದರೆ ಆರೇಳು ಮೀಟರ್ ಅಗಲದ ಕೊಳವೆ. ಯಂತ್ರ ಮುಂದೆ ಕೊರೆಯುತ್ತ ಹೋದಂತೆ ಹಿಂದೆಯೇ ಕಾಂಕ್ರೀಟಿನ ಉಂಗುರ ಕೂರುತ್ತದೆ. ನಿಲ್ದಾಣ ಹಾಗಲ್ಲ. ಇನ್ನೂರು ಮೀಟರಿಗೂ ಉದ್ದದ ಹಳ್ಳವೊಂದು ಪೇಟೆಯ ನಡುವೆ ತಿಂಗಳುಗಟ್ಟಲೆ ಬಾಯಿ ತೆರೆದುಕೊಂಡಿರುತ್ತದೆ. ಅದರ ಅಂಚಿನಲ್ಲೇ ಅಂಗಡಿ, ಆಸ್ಪತ್ರೆ, ಬಸ್ಸು ಓಡುವ ರಸ್ತೆ. ಪಕ್ಕದಲ್ಲಿ ಗ್ಯಾಸ್ ಪೈಪು, ನೀರಿನ ಪೈಪು, ಒಳಚರಂಡಿ. ಹಳ್ಳದ ಗೋಡೆ ಒಳಕ್ಕೆ ಕುಸಿಯದಂತೆ ಹಿಡಿದಿರುವುದು ಎರಡು ಗೋಡೆಗಳ ನಡುವೆ ಅಡ್ಡಲಾಗಿ ಕೊಟ್ಟ ಉಕ್ಕಿನ ತೊಲೆಗಳು. ಅವಕ್ಕೆ ಸ್ಟ್ರಟ್ ಎನ್ನುತ್ತಾರೆ. ಇದೆಲ್ಲ ತಾತ್ಕಾಲಿಕ ಏರ್ಪಾಡು, ನಿಲ್ದಾಣ ಮುಗಿದಾಗ ಇದರಲ್ಲಿ ಹೆಚ್ಚಿನದು ಉಳಿಯುವುದಿಲ್ಲ. ತಾತ್ಕಾಲಿಕವೆಂಬ ಕಾರಣಕ್ಕೇ ಅದರ ಲೆಕ್ಕಾಚಾರಕ್ಕೆ ಬಹುಕಾಲ ಎರಡನೆಯ ದರ್ಜೆಯ ಗಮನ ಸಿಕ್ಕಿತು.

ಇಂದು ಯಾವುದೇ ಮೆಟ್ರೊ ಗುತ್ತಿಗೆಯ ಕಡತ ತೆರೆದರೂ ಅಪಾಯಗಳ ದಾಖಲೆ, ಅಂದರೆ ರಿಸ್ಕ್ ರಿಜಿಸ್ಟರ್, ಇದ್ದೇ ಇರುತ್ತದೆ. ಅದರ ಬಹುಪಾಲು ಸಾಲುಗಳಿಗೆ ಒಂದೊಂದು ಊರು, ಒಂದೊಂದು ತಾರೀಕು ಇದೆ. ಆ ಸಾಲುಗಳನ್ನು ಯಾರೂ ಕುಳಿತು ಯೋಚಿಸಿ ಸೇರಿಸಿದ್ದಲ್ಲ. ಒಂದು ಕುಸಿತದ ನಂತರ ಒಂದು ಎಂಬಂತೆ ಅವು ಸೇರಿಕೊಂಡವು.

ಮೊದಲ ನೆಲದಡಿಯ ರೈಲು ಲಂಡನ್ನಿನದು. ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ವರೆಗಿನ ಮೆಟ್ರೊಪಾಲಿಟನ್ ರೈಲ್ವೆ 1863ರ ಜನವರಿ 10ರಂದು ಜನರಿಗೆ ತೆರೆಯಿತು. ಜಾನ್ ಫೌಲರ್ ಅದರ ಮುಖ್ಯ ಎಂಜಿನಿಯರ್. ರಸ್ತೆಯನ್ನು ಮೇಲಿನಿಂದಲೇ ತೋಡಿ, ಎರಡೂ ಬದಿಗೆ ಇಟ್ಟಿಗೆ ಗೋಡೆ ಕಟ್ಟಿ, ಕಮಾನು ಹಾಕಿ, ಮತ್ತೆ ಮಣ್ಣು ಮುಚ್ಚುವುದು ಅಲ್ಲಿನ ವಿಧಾನ. 1862ರ ಜೂನ್‌ನಲ್ಲಿ ಫ್ಲೀಟ್ ಚರಂಡಿ ಒಡೆದು ಕಾಮಗಾರಿಗೆ ನುಗ್ಗಿತು. ಕೆಲವೆಡೆ ಸುಮಾರು ಮೂರು ಮೀಟರ್ ಕೊಳಚೆ ನಿಂತಿತು. ಒಂದು ಕಾಲದಲ್ಲಿ ನದಿಯಾಗಿದ್ದ ಫ್ಲೀಟ್ ಎಲ್ಲಿ ಹರಿಯುತ್ತದೆಂದು ಆ ಊರಿನಲ್ಲಿ ಗೊತ್ತಿಲ್ಲದವರಿರಲಿಲ್ಲ, ರೈಲುಮಾರ್ಗ ಅದನ್ನು ಮೂರು ಕಡೆ ಹಾಯುತ್ತಿತ್ತು. ಗೊತ್ತಿದ್ದ ಅಪಾಯವನ್ನು ಬರೆದಿಟ್ಟು, ಅದಕ್ಕೊಬ್ಬ ಹೊಣೆಗಾರನನ್ನು ನೇಮಿಸಿ, ದಿನವೂ ನೋಡಿಕೊಳ್ಳುವ ಪದ್ಧತಿ ಮಾತ್ರ ಆಗ ಇರಲಿಲ್ಲ.

ಸರ್ಕಾರದ ಕಣ್ಣು ಬೀಳುತ್ತಿದ್ದುದೂ ಮುಗಿದ ಕೆಲಸದ ಮೇಲೆ. 1840ರಲ್ಲೇ ಬ್ರಿಟನ್ನಿನಲ್ಲಿ ರೈಲ್ವೆ ತಪಾಸಣಾ ವಿಭಾಗ ಶುರುವಾಗಿತ್ತು. ತಪಾಸಣಾಧಿಕಾರಿ ಬಂದು ಹಳಿ, ಸಿಗ್ನಲ್, ಸೇತುವೆ ನೋಡಿ ಪ್ರಯಾಣಿಕರಿಗೆ ಸುರಕ್ಷಿತವೆಂದರೆ ಮಾರ್ಗ ತೆರೆಯುತ್ತಿತ್ತು. ಕಟ್ಟುವಾಗ ಸತ್ತವರು ಆ ತಪಾಸಣೆಯ ವ್ಯಾಪ್ತಿಯ ಹೊರಗೆ. ಕೆಲಸಗಾರನ ಸಾವು–ನೋವಿಗೆ ಮಾಲೀಕ ಹಣ ಕೊಡಲೇಬೇಕೆಂಬ ಬ್ರಿಟಿಷ್ ಕಾಯ್ದೆ ಬಂದದ್ದು 1897ರಲ್ಲಿ. ಆಮೇಲಷ್ಟೇ ಅಪಘಾತಕ್ಕೆ ಗುತ್ತಿಗೆದಾರನ ಲೆಕ್ಕದ ಪುಸ್ತಕದಲ್ಲಿ ಒಂದು ಬೆಲೆ ಕಾಣಿಸಿತು.

ಅದೇ 1897ರ ಮಾರ್ಚ್ 4ರಂದು ಅಮೆರಿಕದ ಬಾಸ್ಟನ್‌ನಲ್ಲಿ ಟ್ರೆಮಾಂಟ್ ಮತ್ತು ಬಾಯ್ಲ್‌ಸ್ಟನ್ ರಸ್ತೆಗಳು ಕೂಡುವಲ್ಲಿ ಗ್ಯಾಸ್ ಸ್ಫೋಟವಾಯಿತು. ಅಲ್ಲಿ ಸಬ್‌ವೇ ಕೆಲಸ ನಡೆದಿತ್ತು. ಪೈಪಿನಿಂದ ಸೋರಿದ ಅನಿಲ ಸಬ್‌ವೇಯ ಮಾಡಿಗೂ ಅದರ ಮೇಲೆ ವಾಹನಗಳಿಗಾಗಿ ಹಾಸಿದ ಹಲಗೆಗಳಿಗೂ ನಡುವಿನ ಪೊಳ್ಳಿನಲ್ಲಿ ತುಂಬಿಕೊಂಡಿತ್ತು. ಟ್ರಾಮಿನ ಕಿಡಿ ಸಾಕಾಯಿತು. ಹತ್ತು ಮಂದಿ ಸತ್ತರು. ಆ ದಾರಿಯಲ್ಲಿ ಗ್ಯಾಸಿನ ವಾಸನೆ ಬರುತ್ತಿದೆಯೆಂಬ ದೂರು ಮೊದಲೇ ಇತ್ತು. ಇಲ್ಲಿ ಕಾಲಾನುಕ್ರಮ ಬಿಟ್ಟು ತೊಂಬತ್ತೆಂಟು ವರ್ಷ ಮುಂದಕ್ಕೆ ಹೋಗುವುದು ಒಳ್ಳೆಯದು. 1995ರ ಏಪ್ರಿಲ್ 28ರಂದು ದಕ್ಷಿಣ ಕೊರಿಯಾದ ಡೇಗು ನಗರದಲ್ಲಿ, ಮೆಟ್ರೊ ಹಳ್ಳದ ಪಕ್ಕದ ಬೇರೊಂದು ಕಾಮಗಾರಿಯವರು ಗ್ಯಾಸ್ ಪೈಪಿಗೆ ತೂತು ಕೊರೆದರು. ಅನಿಲ ಹರಿದು ಮೆಟ್ರೊ ಹಳ್ಳದಲ್ಲಿ ತುಂಬಿತು. ಹಳ್ಳದ ಮೇಲೆ ಹಾಸಿದ್ದ ಉಕ್ಕಿನ ಹಾಸುಗಳು ವಾಹನಗಳ ಸಮೇತ ಹಾರಿದವು. ಬೆಳಗಿನ ಹೊತ್ತು, ಶಾಲೆಗೆ ಹೊರಟ ಮಕ್ಕಳೂ ಸೇರಿ 101 ಜನ ಸತ್ತರು. ಬಾಸ್ಟನ್ನಿನ ಪಾಠ ಪುಸ್ತಕದಲ್ಲಿ ಇಲ್ಲದಿರಲಿಲ್ಲ. ಆದರೆ ಪಕ್ಕದ ಗುತ್ತಿಗೆದಾರನ ಡ್ರಿಲ್ಲು ತನ್ನ ಹಳ್ಳದ ಅಪಾಯ ಎಂದು ಮೆಟ್ರೊ ಕಾಮಗಾರಿ ಲೆಕ್ಕ ಹಾಕಿರಲಿಲ್ಲ. ಕಾಮಗಾರಿಯ ಬೇಲಿಯಾಚೆಗಿನವರ ಕೆಲಸವನ್ನೂ ಪಟ್ಟಿಗೆ ಸೇರಿಸುವ ರೂಢಿ ಬಲವಾದದ್ದು ಇಂಥ ದುರಂತಗಳಿಂದ.

ನ್ಯೂಯಾರ್ಕಿನಲ್ಲಿ ಸಮಸ್ಯೆ ಬಂಡೆ. 1900ರಲ್ಲಿ ಆರಂಭವಾಗಿ 1904ರ ಅಕ್ಟೋಬರ್ 27ರಂದು ತೆರೆದ ಅಲ್ಲಿನ ಸಬ್‌ವೇಗೆ ಮ್ಯಾನ್‌ಹ್ಯಾಟನ್ನಿನ ಗಟ್ಟಿ ಕಲ್ಲನ್ನು ಸಿಡಿಮದ್ದಿನಿಂದ ಒಡೆಯಬೇಕಿತ್ತು. 1902ರ ಜನವರಿ 27ರಂದು ಪಾರ್ಕ್ ಅವೆನ್ಯೂದಲ್ಲಿ ಕೆಲಸದ ಜಾಗದ ಡೈನಮೈಟ್ ದಾಸ್ತಾನಿಗೆ ಬೆಂಕಿ ತಗಲಿ ಐವರು ಸತ್ತರು, ಸುತ್ತಲ ಹೋಟೆಲು–ಆಸ್ಪತ್ರೆಗಳ ಕಿಟಕಿ ಗಾಜು ಪುಡಿಯಾಯಿತು. ಸ್ಫೋಟಕವನ್ನು ಪೇಟೆಯ ನಡುವೆ ಎಷ್ಟು ಇಡಬಹುದು, ಎಲ್ಲಿ ಇಡಬಹುದು ಎಂಬ ಪ್ರಶ್ನೆ ಅಲ್ಲಿಂದ ಗಟ್ಟಿಯಾಯಿತು.

ಬರ್ಲಿನ್ನಿನ ಕಥೆಯಲ್ಲಿ ಅಪಾಯದ ಮೂಲ ಮಣ್ಣಿನಷ್ಟೇ ಪಂಚಾಂಗದಲ್ಲೂ ಇತ್ತು. ನಗರದ ಉತ್ತರ–ದಕ್ಷಿಣ ರೈಲು ಸುರಂಗದ ಒಂದು ಭಾಗ 1936ರ ಒಲಿಂಪಿಕ್ಸ್‌ಗೆ ಮುಂಚೆ ಓಡಲೇಬೇಕೆಂಬ ಒತ್ತಡವಿತ್ತು. ಮರಳು ನೆಲದಲ್ಲಿ ಸಾಲಾಗಿ ಉಕ್ಕಿನ ಕಂಬ ಹೂತು, ಅವುಗಳ ನಡುವೆ ಮರದ ಹಲಗೆ ಸೇರಿಸುತ್ತ ಕೆಳಗಿಳಿಯುವುದು ಅಲ್ಲಿನ ಪದ್ಧತಿ. ಇಂದಿಗೂ ಅದನ್ನು ಬರ್ಲಿನ್ ವಿಧಾನವೆಂದೇ ಕರೆಯುತ್ತಾರೆ. 1935ರ ಆಗಸ್ಟ್ 20ರಂದು ಬ್ರಾಂಡೆನ್‌ಬುರ್ಗ್ ದ್ವಾರದ ಬಳಿ ಹಳ್ಳ ಕುಸಿದು 19 ಕೆಲಸಗಾರರು ಮಣ್ಣಿನಡಿ ಸಿಕ್ಕಿ ಸತ್ತರು. ಮುಂದೆ ಮೊಕದ್ದಮೆ ನಡೆಯಿತು. ಮಾರ್ಗವೂ 1936ರ ಜುಲೈನಲ್ಲಿ, ಒಲಿಂಪಿಕ್ಸ್‌ಗೆ ಕೆಲವೇ ದಿನ ಮೊದಲು, ತೆರೆಯಿತು. ಗಡುವು ಅಪಾಯದ ಕಾರಣಗಳಲ್ಲಿ ಒಂದು ಎಂದು ಬರೆಯಲು ರಿಸ್ಕ್ ರಿಜಿಸ್ಟರುಗಳು ಇಂದಿಗೂ ಹಿಂಜರಿಯುತ್ತವೆ. ಗಡುವು ಹಾಕಿದವನೇ ಆ ಕಡತಕ್ಕೆ ಸಹಿ ಹಾಕಬೇಕಾಗುವುದು ಇದಕ್ಕೆ ಕಾರಣವಿರಬಹುದು.

ಅಲ್ಲಿಯವರೆಗೆ ಹಳ್ಳದ ಗೋಡೆಯ ಮೇಲೆ ಮಣ್ಣಿನ ಒತ್ತಡ ಎಷ್ಟು ಎಂಬುದು ಪುಸ್ತಕದ ಸೂತ್ರದ ಮಾತಾಗಿತ್ತು. ಅದನ್ನು ನಿಜವಾಗಿ ಅಳೆದದ್ದು ಶಿಕಾಗೊದಲ್ಲಿ. 1938ರ ಕೊನೆಯಲ್ಲಿ ಅಲ್ಲಿ ಸಬ್‌ವೇ ಕೆಲಸ ಶುರುವಾದಾಗ ಮೃದುವಾದ ಜೇಡಿಯಲ್ಲಿ, ಎತ್ತರದ ಕಟ್ಟಡಗಳ ಬುಡದಲ್ಲೇ ಅಗೆಯಬೇಕಾಯಿತು. ಯುರೋಪಿನಿಂದ ಆಗತಾನೆ ಬಂದಿದ್ದ ಕಾರ್ಲ್ ಟೆರ್ಜಾಗಿ ಸಲಹೆಗಾರರಾದರು, ಮಣ್ಣು ಪರೀಕ್ಷೆಯ ಪ್ರಯೋಗಾಲಯವನ್ನು ಯುವ ಎಂಜಿನಿಯರ್ ರಾಲ್ಫ್ ಪೆಕ್ ನೋಡಿಕೊಂಡರು. ಸ್ಟ್ರಟ್‌ಗಳ ಮೇಲೆ ಬೀಳುವ ಹೊರೆಯನ್ನು ಒಂದೊಂದಾಗಿ ಅಳೆಯಲಾಯಿತು. ಹಳೆಯ ಸೂತ್ರದ ಪ್ರಕಾರ ಒತ್ತಡ ಮೇಲೆ ಸೊನ್ನೆಯಿಂದ ಶುರುವಾಗಿ ಆಳಕ್ಕೆ ಹೋದಂತೆ ಒಂದೇ ಸಮನೆ ಏರಬೇಕು. ಅಳತೆಯಲ್ಲಿ ಹಾಗೆ ಬರಲಿಲ್ಲ: ಮೇಲಿನ, ನಡುವಿನ ತೊಲೆಗಳೂ ಭಾರಿ ಹೊರೆ ಹೊತ್ತಿದ್ದವು. ಅದಕ್ಕಿಂತ ಮುಖ್ಯವಾದ ಸಂಗತಿ, ಒಂದೇ ಸಾಲಿನ, ಒಂದೇ ಅಳತೆಯ ಎರಡು ತೊಲೆಗಳ ಹೊರೆಯಲ್ಲೂ ಬಹಳ ವ್ಯತ್ಯಾಸವಿತ್ತು. ಸರಾಸರಿಗೆ ತಕ್ಕಂತೆ ತೊಲೆ ಹಾಕಿದರೆ, ಸರಾಸರಿ ಮೀರಿದ ಮೊದಲ ತೊಲೆ ಬಾಗುತ್ತದೆ. ಅದರ ಹೊರೆ ಪಕ್ಕದ್ದಕ್ಕೆ ಹೋಗುತ್ತದೆ, ಅದೂ ಬಾಗುತ್ತದೆ. ಆದ್ದರಿಂದ ಪ್ರತಿ ತೊಲೆಯನ್ನೂ ಅಳತೆಗೆ ಸಿಕ್ಕ ಅತಿ ಹೆಚ್ಚಿನ ಹೊರೆಗೇ ಲೆಕ್ಕ ಹಾಕಬೇಕೆಂದು ಪೆಕ್ 1943ರಲ್ಲಿ ಪ್ರಕಟಿಸಿದ ಲೇಖನ ಹೇಳಿತು. ಆಳವಾದ ಹಳ್ಳಗಳ ಲೆಕ್ಕಾಚಾರದಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ.

ಶಿಕಾಗೊದಲ್ಲಿ ಕಲಿತದ್ದನ್ನು ಪೆಕ್ 1969ರಲ್ಲಿ ಲಂಡನ್ನಿನ ರ‍್ಯಾಂಕಿನ್ ಉಪನ್ಯಾಸದಲ್ಲಿ ಅವಲೋಕನ ವಿಧಾನವೆಂಬ ಹೆಸರಿನಲ್ಲಿ ನಿಯಮಗಳಾಗಿ ಕಟ್ಟಿಕೊಟ್ಟರು. ನೆಲದಡಿ ಏನಿದೆಯೆಂದು ಪೂರ್ತಿ ತಿಳಿಯುವುದು ಅಸಾಧ್ಯ. ಹಾಗಾಗಿ ಬಹುಶಃ ಹೀಗಿರಬಹುದೆಂಬ ಊಹೆಯ ಮೇಲೆ ವಿನ್ಯಾಸ ಮಾಡಬಹುದು. ಆದರೆ ತೀರಾ ಕೆಟ್ಟ ಸ್ಥಿತಿಯಲ್ಲಿ ಗೋಡೆ ಎಷ್ಟು ಬಾಗುತ್ತದೆ, ತೊಲೆಗೆ ಎಷ್ಟು ಹೊರೆ ಬೀಳುತ್ತದೆ ಎಂಬುದನ್ನೂ ಮೊದಲೇ ಲೆಕ್ಕ ಹಾಕಿಡಬೇಕು. ಕೆಲಸ ನಡೆಯುವಾಗ ಅದನ್ನೇ ಅಳೆಯಬೇಕು. ಅಳತೆ ದಾರಿ ತಪ್ಪಿದರೆ ಏನು ಮಾಡಬೇಕೆಂಬುದನ್ನು ಕೆಲಸ ಶುರುವಾಗುವ ಮುನ್ನವೇ ತೀರ್ಮಾನಿಸಿ ಬರೆದಿಟ್ಟಿರಬೇಕು. ಈ ಕೊನೆಯ ನಿಯಮವೇ ಎಲ್ಲಕ್ಕಿಂತ ಮುಖ್ಯ. ಆಮೇಲಿನ ಕುಸಿತಗಳಲ್ಲಿ ಹೆಚ್ಚಾಗಿ ಮುರಿದದ್ದೂ ಇದೇ.

ಅಪಾಯ ತಡೆಯಲು ಎಷ್ಟು ಖರ್ಚು ಮಾಡಬೇಕೆಂಬ ಪ್ರಶ್ನೆಗೆ ಉತ್ತರ ಹುಟ್ಟಿದ್ದು ಕಲ್ಲಿದ್ದಲ ಗಣಿಯಲ್ಲಿ. ಗಣಿಯೊಂದರ ಪಕ್ಕೆ ಕುಸಿದು ಕೆಲಸಗಾರನೊಬ್ಬ ಸತ್ತ ಪ್ರಕರಣದಲ್ಲಿ 1949ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಒಂದು ತಕ್ಕಡಿ ಮುಂದಿಟ್ಟಿತು: ಒಂದು ಕಡೆ ಅಪಾಯ, ಇನ್ನೊಂದು ಕಡೆ ಅದನ್ನು ತಡೆಯಲು ಬೇಕಾದ ಹಣ, ಸಮಯ, ಶ್ರಮ. ಅಪಾಯಕ್ಕೆ ಹೋಲಿಸಿದರೆ ಖರ್ಚು ಎಲ್ಲೆ ಮೀರಿ ಹೆಚ್ಚೆಂದು ತೋರಿಸಲಾಗದಿದ್ದರೆ ಮಾಲೀಕ ಆ ಖರ್ಚು ಮಾಡಲೇಬೇಕು. ಸುರಂಗ ಕಾಮಗಾರಿಯ ಅಪಾಯದ ಅಂದಾಜು ನಿಂತಿರುವುದು ಈ ತತ್ತ್ವದ ಮೇಲೆ. ಮುಂದೆ ಇದಕ್ಕೆ ಅಂಕಗಳ ಕೋಷ್ಟಕ ಸೇರಿತು. ಸಂಭವಕ್ಕೆ ಒಂದರಿಂದ ಐದು, ಪರಿಣಾಮಕ್ಕೆ ಒಂದರಿಂದ ಐದು, ಎರಡನ್ನೂ ಗುಣಿಸಿದರೆ ಅಪಾಯದ ಅಂಕ. ಸುಲಭವಾದ್ದರಿಂದ ಎಲ್ಲ ಕಡೆ ಹಬ್ಬಿತು. ಅದರ ದೋಷವೂ ಅಷ್ಟೇ ಸರಳ: ದಿನಾ ಆಗುವ ತರಚು ಗಾಯಕ್ಕೂ ಅಪರೂಪಕ್ಕೆ ಆಗುವ ಸಾಮೂಹಿಕ ಸಾವಿಗೂ ಐದೇ ಅಂಕ ಬರುತ್ತದೆ.

1994ರ ಅಕ್ಟೋಬರ್ 21ರ ನಸುಕಿನಲ್ಲಿ ಲಂಡನ್ನಿನ ಹೀಥ್ರೊ ವಿಮಾನ ನಿಲ್ದಾಣದ ಕೆಳಗೆ, ಹೊಸ ರೈಲು ನಿಲ್ದಾಣಕ್ಕಾಗಿ ಕೊರೆಯುತ್ತಿದ್ದ ಸುರಂಗಗಳು ಕುಸಿದವು. ತೋಡಿದ ಕೂಡಲೇ ಕಾಂಕ್ರೀಟ್ ಸಿಂಪಡಿಸಿ ನಿಲ್ಲಿಸುವ ಆಸ್ಟ್ರಿಯನ್ ಪದ್ಧತಿಯನ್ನು ಅಲ್ಲಿ ಬಳಸಲಾಗಿತ್ತು. ಯಾರಿಗೂ ಗಾಯವಾಗಲಿಲ್ಲ. ಹಾಗಿದ್ದರೂ ಇದು ಎಂಜಿನಿಯರಿಂಗ್ ಲೋಕವನ್ನು ಅಲುಗಾಡಿಸಿತು, ಏಕೆಂದರೆ ಅಳತೆಯ ಸಾಧನಗಳು ಕೆಲಸ ಮಾಡಿದ್ದವು. ನೆಲ ಜರುಗುತ್ತಿರುವುದು ಅಂಕಿಗಳಲ್ಲಿ ಕಾಣುತ್ತಿತ್ತು. ಸುರಂಗದ ತಳದ ಕಾಂಕ್ರೀಟು ಕಳಪೆಯಾಗಿದ್ದು, ರಿಪೇರಿಯೂ ಸರಿಯಾಗಿರಲಿಲ್ಲ. ಅಂಕಿಗಳನ್ನು ನೋಡಿ ಕೆಲಸ ನಿಲ್ಲಿಸುವ ವ್ಯವಸ್ಥೆ ಇರಲಿಲ್ಲ. 1999ರಲ್ಲಿ ನ್ಯಾಯಾಲಯ ಗುತ್ತಿಗೆ ಸಂಸ್ಥೆಗೆ 12 ಲಕ್ಷ ಪೌಂಡ್, ಸಲಹಾ ಸಂಸ್ಥೆಗೆ 5 ಲಕ್ಷ ಪೌಂಡ್ ದಂಡ ಹಾಕಿತು. ವಿನ್ಯಾಸಕಾರನೂ ಕಟ್ಟುವವರ ಸುರಕ್ಷತೆಗೆ ಹೊಣೆ ಎಂಬ ಬ್ರಿಟಿಷ್ ನಿಯಮ ಜಾರಿಗೆ ಬಂದದ್ದು ಈ ಕುಸಿತವಾದ ಕೆಲವೇ ತಿಂಗಳಿಗೆ, 1995ರಲ್ಲಿ.

ಸರ್ಕಾರಗಳಿಗಿಂತ ಬಿಗಿಯಾಗಿ ನಡೆದುಕೊಂಡದ್ದು ವಿಮಾ ಕಂಪನಿಗಳು. ಒಂದರ ಹಿಂದೊಂದು ಸುರಂಗ ಕುಸಿತಗಳಿಗೆ ಹಣ ಕೊಟ್ಟು ಸಾಕಾದ ಅವು ಸುರಂಗಗಳಿಗೆ ವಿಮೆಯನ್ನೇ ನಿಲ್ಲಿಸುವ ಮಾತಾಡಿದವು. ಆ ಒತ್ತಡದಿಂದ 2003ರಲ್ಲಿ ಬ್ರಿಟನ್ನಿನ ವಿಮಾದಾರರೂ ಸುರಂಗ ಎಂಜಿನಿಯರುಗಳೂ ಕೂಡಿ ಸಂಹಿತೆಯೊಂದನ್ನು ಒಪ್ಪಿಕೊಂಡರು. 2006ರಲ್ಲಿ ಅದರ ಅಂತಾರಾಷ್ಟ್ರೀಯ ರೂಪವೂ ಬಂತು. ಯೋಜನೆಯ ಮೊದಲ ಹಂತದಿಂದ ಕೊನೆಯವರೆಗೆ ರಿಸ್ಕ್ ರಿಜಿಸ್ಟರ್ ಇಡಬೇಕು, ಪ್ರತಿ ಅಪಾಯಕ್ಕೂ ಒಬ್ಬ ಹೊಣೆಗಾರನ ಹೆಸರಿರಬೇಕು, ಇಲ್ಲವಾದರೆ ವಿಮೆ ಇಲ್ಲ.

ಬ್ರಿಟನ್ನಿನ ಸಂಹಿತೆ ಬಂದ ಮರುವರ್ಷವೇ, 2004ರಲ್ಲಿ, ಸಿಂಗಪುರದಲ್ಲಿ ನಿಕೊಲ್ ಹೆದ್ದಾರಿ ಕುಸಿಯಿತು. ನೆಲದಡಿಯ ನಿಲ್ದಾಣಗಳ ಇತಿಹಾಸದಲ್ಲಿ ಇಷ್ಟು ಸೂಕ್ಷ್ಮವಾಗಿ ತನಿಖೆಯಾದ ಕುಸಿತಗಳು ಕಡಿಮೆ. ಅಲ್ಲಿನ ಮೆಟ್ರೊದ ಸರ್ಕಲ್ ಲೈನ್‌ನ ನಿಕೊಲ್ ಹೈವೇ ನಿಲ್ದಾಣದ ಪಕ್ಕದಲ್ಲಿ 33 ಮೀಟರ್ ಆಳಕ್ಕೆ ಹೋಗಬೇಕಿದ್ದ ಹಳ್ಳ ಅದು. ನೆಲ ಸಮುದ್ರದಿಂದ ಪಡೆದದ್ದು, ಕೆಳಗೆ ಬೆಣ್ಣೆಯಷ್ಟು ಮೆತ್ತನೆಯ ಸಮುದ್ರ ಜೇಡಿ. ಎರಡೂ ಬದಿಗೆ ಡಯಾಫ್ರಂ ಗೋಡೆ, ಅಂದರೆ ಅಗೆಯುವ ಮುನ್ನವೇ ನೆಲದೊಳಗೆ ಇಳಿಸಿದ ಕಾಂಕ್ರೀಟ್ ಗೋಡೆ. ಆಳಕ್ಕೆ ಇಳಿದಂತೆಲ್ಲ ಒಂದರ ಕೆಳಗೊಂದು ಸ್ಟ್ರಟ್ ಸಾಲು. ಒಂಬತ್ತು ಸಾಲು ಕೂರಿಸಿ ಹತ್ತನೆಯದಕ್ಕಾಗಿ ಅಗೆಯುತ್ತಿದ್ದರು.

ಮೊದಲ ತಪ್ಪು ಕಂಪ್ಯೂಟರಿನಲ್ಲಿ ಆಗಿತ್ತು. ಮೃದು ಜೇಡಿಗೆ ಹೊಂದದ ಲೆಕ್ಕದ ಕ್ರಮ ಬಳಸಿದ್ದರಿಂದ ಮಣ್ಣು ಇದ್ದದ್ದಕ್ಕಿಂತ ಗಟ್ಟಿಯೆಂದು, ಗೋಡೆ ಕಡಿಮೆ ಬಾಗುತ್ತದೆಂದು ಉತ್ತರ ಬಂತು. ಎರಡನೆಯ ತಪ್ಪು ಉಕ್ಕಿನಲ್ಲಿ: ಸ್ಟ್ರಟ್ಟಿನ ತುದಿ ಗೋಡೆಯುದ್ದಕ್ಕೆ ಹಾಯ್ದ ತೊಲೆಗೆ ಆನುವ ಜಾಗದ ಲೆಕ್ಕ ತಪ್ಪಿತ್ತು. ಬಲಕ್ಕಾಗಿ ಇಟ್ಟಿದ್ದ ತಗಡುಗಳ ಬದಲು ಕೆಲವೆಡೆ ಸಿ ಆಕಾರದ ಚಾನೆಲ್ಲುಗಳನ್ನು ಬೆಸುಗೆ ಹಾಕಿದ್ದರು. ಅದು ಇನ್ನೂ ಕೆಟ್ಟದಾಯಿತು. ಮಿತಿ ಮುಟ್ಟಿದ ಮೇಲೆ ನಿಧಾನವಾಗಿ ಬಾಗುವ ಬದಲು ಆ ಜೋಡಣೆ ಒಮ್ಮೆಲೇ ಪಕ್ಕಕ್ಕೆ ಹೊರಳಿ ಶಕ್ತಿ ಕಳೆದುಕೊಳ್ಳುತ್ತಿತ್ತು.

ಮೂರನೆಯದು ಕಡತದಲ್ಲಿ. ಗೋಡೆಯ ಬಾಗು ಎಚ್ಚರಿಕೆಯ ಮಟ್ಟ ಮೀರಿದಾಗ ಕೆಲಸ ನಿಲ್ಲಿಸಿ ಗೋಡೆ ಬಲಪಡಿಸುವ ಬದಲು, ಅಳತೆಗೆ ಹೊಂದುವಂತೆ ಮರುಲೆಕ್ಕ ಮಾಡಿ ಎಚ್ಚರಿಕೆಯ ಮಟ್ಟವನ್ನೇ ಏರಿಸಲಾಯಿತು. ಒಂದಲ್ಲ, ಎರಡು ಬಾರಿ ಮರುಲೆಕ್ಕ ನಡೆಯಿತು. ಪೆಕ್ ಹೇಳಿದ ವಿಧಾನವನ್ನು ತಲೆಕೆಳಗು ಮಾಡಿದರೆ ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

2004ರ ಏಪ್ರಿಲ್ 20ರ ಬೆಳಗ್ಗೆ ಹಳ್ಳದೊಳಗಿದ್ದವರಿಗೆ ಉಕ್ಕಿನಿಂದ ಧಡ್ ಧಡ್ ಎಂಬ ಸದ್ದು ಕೇಳಿತು. ಒಂಬತ್ತನೆಯ ಸಾಲಿನ ಜೋಡಣೆಗಳು ಬಾಗಿದ್ದವು. ಅವನ್ನು ಬಲಪಡಿಸಲು ಹೊರಟರೇ ಹೊರತು ಎಲ್ಲರನ್ನೂ ಮೇಲೆ ಕಳಿಸಲಿಲ್ಲ. ಒಂಬತ್ತನೆಯ ಸಾಲು ಬಿಟ್ಟುಕೊಟ್ಟ ಹೊರೆ ಎಂಟನೆಯ ಸಾಲಿಗೆ ಬಂತು, ಅದೂ ತಡೆಯಲಿಲ್ಲ. ಮಧ್ಯಾಹ್ನ ಮೂರೂವರೆಗೆ ಹಳ್ಳದ ಜೊತೆ ಆರು ಪಥಗಳ ಹೆದ್ದಾರಿಯ ಸುಮಾರು ನೂರು ಮೀಟರ್ ಕೆಳಗಿಳಿಯಿತು. ನಾಲ್ವರು ಸತ್ತರು. ಅವರಲ್ಲೊಬ್ಬ ಮೇಸ್ತ್ರಿ, ತನ್ನ ಕೆಲಸಗಾರರನ್ನು ಮೆಟ್ಟಿಲು ಹತ್ತಿಸಿ ಕಳಿಸುತ್ತ ತಾನು ಕೆಳಗೇ ಉಳಿದ. ಅವನ ದೇಹ ಸಿಗಲೇ ಇಲ್ಲ. 2005ರ ಮೇ ತಿಂಗಳಲ್ಲಿ ಬಂದ ತನಿಖಾ ಸಮಿತಿಯ ವರದಿಯ ನಂತರ ಸಿಂಗಪುರ ತಾತ್ಕಾಲಿಕ ರಚನೆಗಳ ವಿನ್ಯಾಸವನ್ನು ಕಾಯಂ ರಚನೆಗಳಷ್ಟೇ ಕಟ್ಟುನಿಟ್ಟಾಗಿ, ಸ್ವತಂತ್ರವಾಗಿ ಪರಿಶೀಲಿಸುವ ನಿಯಮ ತಂದಿತು. 2006ರಲ್ಲಿ ಕೆಲಸದ ಸ್ಥಳದ ಸುರಕ್ಷತೆಗೆ ಹೊಸ ಕಾಯ್ದೆಯೇ ಬಂತು. ನಿಕೊಲ್ ಹೈವೇ ನಿಲ್ದಾಣವನ್ನು ಸ್ವಲ್ಪ ದೂರಕ್ಕೆ ಸರಿಸಿ ಕಟ್ಟಿದರು.

ಚೀನಾದ ಹಾಂಗ್‌ಜೌ ನಗರದಲ್ಲಿ 2008ರ ನವೆಂಬರ್ 15ರಂದು ಮೆಟ್ರೊ ನಿಲ್ದಾಣದ ಹಳ್ಳ ಕುಸಿದು 21 ಕೆಲಸಗಾರರು ಸತ್ತರು. ನಗರ ರೈಲಿನ ನೆಲದಡಿ ಕಾಮಗಾರಿಗಳ ಅಪಾಯ ನಿರ್ವಹಣೆಗೆಂದೇ ರಾಷ್ಟ್ರೀಯ ಸಂಹಿತೆಯೊಂದನ್ನು ಆ ದೇಶ 2011ರಲ್ಲಿ ಪ್ರಕಟಿಸಿತು. 2009ರ ಮಾರ್ಚ್ 3ರಂದು ಜರ್ಮನಿಯ ಕೊಲೋನ್‌ನಲ್ಲಿ ಡಯಾಫ್ರಂ ಗೋಡೆಯ ಒಂದು ಬಿರುಕಿನಿಂದ ನೀರೂ ಮರಳೂ ಹಳ್ಳಕ್ಕೆ ಹರಿದವು. ಪಕ್ಕದ ನಗರ ಪತ್ರಾಗಾರ ಕಟ್ಟಡ ಕುಸಿದು, ಮಧ್ಯಯುಗದಿಂದ ಕೂಡಿಟ್ಟ ದಾಖಲೆಗಳು ಮಣ್ಣುಪಾಲಾದವು. ನೆರೆಮನೆಯ ಇಬ್ಬರು ಸತ್ತರು. ಪತ್ರಾಗಾರದಲ್ಲಿದ್ದವರು ಉಳಿದದ್ದು ಹಳ್ಳದ ಕೆಲಸಗಾರರು ಓಡಿಬಂದು ಕೂಗಿ ಎಚ್ಚರಿಸಿದ್ದರಿಂದ. ಆ ಮಾರ್ಗದ ಕಾಮಗಾರಿಯಲ್ಲಿ ಉಕ್ಕಿನ ಕಂಬಿಗಳನ್ನು ಕದ್ದು ಮಾರಿದ್ದು, ಅಳತೆಯ ದಾಖಲೆಗಳನ್ನು ತಿದ್ದಿದ್ದು ಆಮೇಲೆ ಹೊರಬಂತು. ಅಪಾಯದ ಅಂದಾಜು ಎಷ್ಟೇ ನಾಜೂಕಾಗಿದ್ದರೂ ಕೆಳಗಿನಿಂದ ಬರುವ ಅಂಕಿ ಸುಳ್ಳಾದರೆ ಅದರಿಂದ ಪ್ರಯೋಜನವಿಲ್ಲ. ಈ ಬಗೆಯ ಅಪಾಯಕ್ಕೆ ಅಂಕ ಕೊಡುವುದು ಹೇಗೆಂದು ಯಾವ ಕೋಷ್ಟಕವೂ ಹೇಳುವುದಿಲ್ಲ.

ಭಾರತದಲ್ಲಿ ನೆಲದಡಿಯ ನಿಲ್ದಾಣ ಮೊದಲು ಕಟ್ಟಿದ್ದು ಕೋಲ್ಕತ್ತ. 1972ರ ಡಿಸೆಂಬರ್ 29ರಂದು ಶಂಕುಸ್ಥಾಪನೆ, 1984ರ ಅಕ್ಟೋಬರ್ 24ರಂದು ಮೊದಲ ಓಟ. ಗಂಗೆಯ ಮೆಕ್ಕಲು ಜೇಡಿಯಲ್ಲಿ ಡಯಾಫ್ರಂ ಗೋಡೆ ಇಳಿಸಿ, ರಸ್ತೆಗಳನ್ನು ವರ್ಷಗಟ್ಟಲೆ ತೋಡಿಟ್ಟುಕೊಂಡು ಕಟ್ಟಿದರು. ಅದೇ ಊರಿನ ಬೌಬಜಾರಿನಲ್ಲಿ 2019ರ ಆಗಸ್ಟ್ 31ರಂದು ಸುರಂಗ ಯಂತ್ರ ನೀರಿನ ಪದರಕ್ಕೆ ತಗಲಿ ಹಳೆಯ ಮನೆಗಳು ಕುಸಿದವು, ನೂರಾರು ಜನ ಮನೆ ಬಿಡಬೇಕಾಯಿತು. 2022ರಲ್ಲಿ ಅದೇ ಬೀದಿಗಳಲ್ಲಿ ಮತ್ತೆ ಬಿರುಕು ಬಂತು. ಕಾನೂನಿನ ಕಡೆ ನೋಡಿದರೆ, ಕಟ್ಟಡ ಕಾರ್ಮಿಕರ ಸುರಕ್ಷತೆಗೆ 1996ರ ಕಾಯ್ದೆ ಬಂತು. 2002ರ ಕಾಯ್ದೆಯಡಿ ಮೆಟ್ರೊ ರೈಲು ಸುರಕ್ಷತಾ ಆಯುಕ್ತರು ಮಾರ್ಗ ತೆರೆಯುವ ಮುನ್ನ ಪರಿಶೀಲಿಸುತ್ತಾರೆ. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗುವುದು ಈ ಕೊನೆಯ ತಪಾಸಣೆ. ಹಳ್ಳ ತೆರೆದಿರುವ ವರ್ಷಗಳಲ್ಲಿ ಯಾರು, ಏನು ಅಳೆದರು ಎಂಬುದು ಸುದ್ದಿಯಾಗುವುದು ಕುಸಿದಾಗ ಮಾತ್ರ.

ಬೆಂಗಳೂರಿನ ನೆಲ ಲಂಡನ್ನಿನಂತೆಯೂ ಅಲ್ಲ, ಸಿಂಗಪುರದಂತೆಯೂ ಅಲ್ಲ. ಇಲ್ಲಿ ಅತಿ ಪುರಾತನವಾದ ನೈಸ್ ಬಂಡೆ, ಅದರ ಮೇಲೆ ಶಿಥಿಲವಾದ ಕಲ್ಲು ಮತ್ತು ಮಣ್ಣು. ಎರಡರ ಗಡಿ ಒಂದೇ ಮಟ್ಟದಲ್ಲಿರುವುದಿಲ್ಲ. ಹತ್ತು ಮೀಟರ್ ದೂರದಲ್ಲಿ ಎರಡು ಕಡೆ ಬೋರ್ ಹಾಕಿದರೆ ಒಂದರಲ್ಲಿ ಗಟ್ಟಿ ಕಲ್ಲು, ಇನ್ನೊಂದರಲ್ಲಿ ಮೆದು ಮಣ್ಣು ಸಿಗಬಹುದು. ನಡುವೆ ಬಿಡಿ ಗುಂಡುಗಳು. ನಮ್ಮ ಮೆಟ್ರೊದ ಮೊದಲ ಹಂತದ 8.8 ಕಿಲೋಮೀಟರ್ ನೆಲದಡಿಯ ಮಾರ್ಗ 2016 ಮತ್ತು 2017ರಲ್ಲಿ ತೆರೆಯಿತು. ಕೊರೆಯುವಾಗ ಯಂತ್ರಗಳು ಇಂಥ ಮಿಶ್ರ ನೆಲಕ್ಕೆ ಸಿಕ್ಕಿ ತಿಂಗಳುಗಟ್ಟಲೆ ನಿಂತದ್ದುಂಟು. ನಿಲ್ದಾಣದ ಹಳ್ಳಗಳಲ್ಲಿ ಬಂಡೆಯನ್ನು ನಿಯಂತ್ರಿತ ಸ್ಫೋಟದಿಂದ ಒಡೆಯಬೇಕಾಯಿತು. ಸ್ಫೋಟದ ಕಂಪನಕ್ಕೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯೇ ಅಳತೆಗೋಲು: ಕಡಿಮೆ ಆವರ್ತನದ ಕಂಪನವಾದರೆ ವಾಸದ ಮನೆಗಳಿಗೆ ಸೆಕೆಂಡಿಗೆ 5 ಮಿಲಿಮೀಟರ್, ಚಾರಿತ್ರಿಕ ಕಟ್ಟಡಗಳಿಗೆ 2 ಮಿಲಿಮೀಟರ್ ಮಿತಿ. ಕೋಟೆ, ಟಿಪ್ಪು ಅರಮನೆ, ಹಳೆಯ ದೇವಸ್ಥಾನಗಳ ನಡುವೆ ಇರುವ ಕೆ.ಆರ್. ಮಾರುಕಟ್ಟೆಯಂಥ ಕಡೆ ಇದು ಸಣ್ಣ ಮಾತಲ್ಲ. ಅಲ್ಲಿ ಅಗೆಯುವಾಗ 2012ರಲ್ಲಿ ಹಳೆಯ ಫಿರಂಗಿಗಳೂ ಸಿಕ್ಕವು. ಬಂಡೆಯ ಅಪಾಯ ಅಳೆಯುವ ವಿದ್ಯೆ ಕರ್ನಾಟಕಕ್ಕೆ ಹೊಸದೇನಲ್ಲ. ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಕೋಲಾರದ ಚಿನ್ನದ ಗಣಿಗಳಲ್ಲಿ ಒತ್ತಡಕ್ಕೆ ಬಂಡೆ ಸಿಡಿಯುವುದು ದಶಕಗಳ ಕಾಲ ಜೀವ ತೆಗೆದಿತ್ತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಹುಟ್ಟಿದ್ದೂ ಕೆಜಿಎಫ್‌ನಲ್ಲೇ.

ಬೆಂಗಳೂರಿನ ಇನ್ನೊಂದು ಅಪಾಯ ಕೆರೆ–ಬಾವಿಗಳದು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕೆರೆ ಹಳೆಯ ನಕ್ಷೆಯಲ್ಲಾದರೂ ಸಿಗುತ್ತದೆ, ಮನೆಯೊಳಗಿನ ಬಾವಿ ಯಾವ ನಕ್ಷೆಯಲ್ಲೂ ಇರುವುದಿಲ್ಲ. ನಲ್ಲಿ ನೀರು ಬಂದ ಮೇಲೆ ಅದರ ಬಾಯಿಗೆ ಚಪ್ಪಡಿ ಎಳೆದು, ಮೇಲೆ ನೆಲ ಹಾಕಿ, ಒಂದು ತಲೆಮಾರು ಕಳೆದರೆ ಮನೆಯವರಿಗೇ ಮರೆತುಹೋಗಿರುತ್ತದೆ. ಯಂತ್ರ ಅಡಿಯಲ್ಲಿ ಹಾಯುವಾಗ ಅಂಥ ಪೊಳ್ಳಿನ ಮೂಲಕ ಮಣ್ಣು ಜಾರುತ್ತದೆ, ಇಲ್ಲವೆ ಯಂತ್ರ ಒತ್ತಡದಿಂದ ಬಿಡುವ ನೊರೆ ಮೇಲಕ್ಕೆ ಉಕ್ಕುತ್ತದೆ. 13.76 ಕಿಲೋಮೀಟರ್ ನೆಲದಡಿ ಸಾಗುವ ಮೆಟ್ರೊದ ಗುಲಾಬಿ ಮಾರ್ಗದ ಕೆಲಸ ನಡೆದಿದ್ದಾಗ, 2023ರ ಜನವರಿಯಲ್ಲಿ ಬ್ರಿಗೇಡ್ ರಸ್ತೆಯಲ್ಲಿ ರಸ್ತೆಯೇ ಗುಂಡಿ ಬಿದ್ದು ಸವಾರನೊಬ್ಬ ಗಾಯಗೊಂಡ. ಹೀಗಾಗಿ ಸುರಂಗ ಹಾಯುವ ದಾರಿಯ ಕಟ್ಟಡಗಳ ಸಮೀಕ್ಷೆಯಲ್ಲಿ ಬಿರುಕುಗಳ ಫೋಟೊ ತೆಗೆಯುವುದು, ಗೋಡೆಗೆ ಅಳತೆಯ ಗುರುತು ಅಂಟಿಸುವುದರ ಜೊತೆಗೆ ಹಳೆಯ ಬಾವಿ, ಬೋರ್‌ವೆಲ್‌ಗಳ ವಿಚಾರಣೆಯೂ ಸೇರಬೇಕಾಗುತ್ತದೆ. ಸಿಕ್ಕ ಬಾವಿಗೆ ಕಾಂಕ್ರೀಟ್ ತುಂಬುತ್ತಾರೆ. ತೀರಾ ಹಳೆಯ ಮನೆಗಳಲ್ಲಿರುವವರನ್ನು ಯಂತ್ರ ದಾಟುವವರೆಗೆ ಬೇರೆಡೆ ಇರಿಸುವುದೂ ಉಂಟು.